ಗೂಳಿ, ಹಸು ಮತ್ತು ಭಾನುವಾರದ ಪಾಠ

ಕೈನ್ವೆನ್ ಪ್ರಾಸರಳ ಎಡದವಡೆಯ ಎರಡು ಹಲ್ಲು ಉದುರಿದ್ದು ಒಂದು ಜೋಗುಳದ ದೆಸೆಯಿಂದ. ಮಗ ಮ್ಯಾನ್ಸೆಲ್ ಆಗಿನ್ನೂ ತೊಟ್ಟಿಲ ಕೂಸು. ಅವಳು ತನ್ನ ತಾಯಿ ಹಾಡುತ್ತಿದ್ದ ವೆಲ್ಷ್ ಹಾಡನ್ನು ಗುನುಗುತ್ತ ತೊಟ್ಟಿಲು ತೂಗುತ್ತಿದ್ದಳು. ಬೆಳಗಿನ ಪಾಳಿ ಮುಗಿಸಿ ಕಲ್ಲಿದ್ದಲ ಗಣಿಯಿಂದ ಬಂದ ಗಂಡ ವರ್ಡನ್ ಬಾಗಿಲಲ್ಲೇ ನಿಂತು ಕೇಳಿಸಿಕೊಂಡ. ಕೈಯಲ್ಲಿ ತಗಡಿನ ಬುತ್ತಿ ಡಬ್ಬಿ ಇತ್ತು. ಅದರಿಂದಲೇ ಬಾರಿಸಿದ.

"ಈ ಮನೇಲಿ ಆ ಭಾಷೆ ಬೇಡ ಅಂತ ಎಷ್ಟು ಸಲ ಹೇಳ್ಬೇಕು ನಿಂಗೆ?" ಎಂದ. "ನನ್ ಮಗ ಇಂಗ್ಲಿಷ್ ಕಲ್ತು ಮೇಲಕ್ಕೆ ಬರ್ತಾನೆ. ಗಣೀಲಿ ಧೂಳು ತಿನ್ನೋದು ನನ್ ತಲೆಗೇ ಕೊನೆ."

ಕೈನ್ವೆನ್ ರಕ್ತ ಉಗುಳಿ, ಬಾಯಿ ಮುಕ್ಕಳಿಸಿ, ಗಂಡನ ಸ್ನಾನಕ್ಕೆ ಬಿಸಿನೀರು ತೋಡಿದಳು. ಆ ದಿನದಿಂದ ತನ್ನ ಭಾಷೆಯನ್ನು ಅವಳು ಭಾನುವಾರದ ಪ್ರಾರ್ಥನಾ ಮಂದಿರಕ್ಕೂ ತಂಗಿಯ ಮನೆಗೂ ಮೀಸಲಿಟ್ಟಳು. ಮಗನೊಡನೆ ಆಡಿದ್ದೆಲ್ಲ ಇಂಗ್ಲಿಷ್. ಒಂದೇ ಒಂದು ವೆಲ್ಷ್ ಮಾತನ್ನೂ ಅವನ ಕಿವಿಗೆ ಹಾಕಲಿಲ್ಲ. ಕೆನ್ನೆ ಊದಿದ್ದೇಕೆಂದು ಓಣಿಯವರು ಕೇಳಿದಾಗ ಮೆಟ್ಟಿಲು ಜಾರಿತು ಎಂದಳು. ಆ ಗಣಿಯೂರು ನಾಂಟಿಗೋವ್‌ನ ಹೆಂಗಸರು ಯಾವಾಗಲೂ ಮೆಟ್ಟಿಲು ಜಾರಿಯೇ ಬೀಳುತ್ತಿದ್ದರು.

ಮಗ ಮೇಲಕ್ಕೆ ಬರಲಿಲ್ಲ. ಹದಿನಾರಕ್ಕೆ ಅಪ್ಪನ ಗಣಿಗೇ ಇಳಿದ. ಬೀಜದಂತೆ ಬೆಳೆ ಅನ್ನುತ್ತಾರಲ್ಲ, ತೋಳು ಅಪ್ಪನದು, ಕೋಪವೂ ಅಪ್ಪನದು. ಒಂದು ದಿನ ವರ್ಡನ್ ಸೊಂಟದ ಪಟ್ಟಿ ಬಿಚ್ಚಿ ಹೊಡೆಯಲು ಬಂದಾಗ ಮ್ಯಾನ್ಸೆಲ್ ಅದನ್ನು ಕಿತ್ತುಕೊಂಡು ಅಪ್ಪನಿಗೇ ತಿರುಗಿ ಬಾರಿಸಿದ. ಮೂಗಿನ ಮೂಳೆ ಮುರಿದು ಅಂಗಳದ ಕಲ್ಲಿನ ಮೇಲೆ ರಕ್ತ ಹರಿಯಿತು. ಕೈನ್ವೆನ್ ಬಕೆಟ್ ನೀರು ತಂದು ತೊಳೆದಳು. ತೊಳೆಯುವಾಗ ಒಳಗೊಳಗೇ ಹಾಯೆನಿಸಿತ್ತು. ಬಹಳ ವರ್ಷಗಳ ಮೇಲೆ ಆ ಹಾಯನ್ನು ನೆನೆದು ತನ್ನನ್ನೇ ಶಪಿಸಿಕೊಂಡಳು.

ವರ್ಡನ್ ಶ್ವಾಸಕೋಶದ ತುಂಬ ಧೂಳು ತುಂಬಿಕೊಂಡು ಸತ್ತ. ದೊಡ್ಡ ಮುಷ್ಕರ ಸೋತ ಮೇಲೆ ಗಣಿ ಮುಚ್ಚಿತು. ಮ್ಯಾನ್ಸೆಲ್ ಬೆಟ್ಟದಾಚೆಯ ಸಂತೆಯೂರಿನ ಕಸಾಯಿಖಾನೆಗೆ ಸೇರಿದ. ನಾಂಟಿಗೋವ್‌ನಲ್ಲಿ ಎಲ್ಲರಿಗೂ ಅಡ್ಡಹೆಸರು. ಹಾಲು ಹಾಕುವವನು ಹಾಲಿನ ಜೋನ್ಸ್, ಹೆಣದ ಪೆಟ್ಟಿಗೆ ಮಾಡುವವನು ಪೆಟ್ಟಿಗೆ ಇವಾನ್ಸ್. ಮ್ಯಾನ್ಸೆಲ್‌ಗೆ ಸುತ್ತಿಗೆ ಮ್ಯಾನ್ಸೆಲ್ ಎಂದು ಹೆಸರು ಬಿದ್ದದ್ದು ಕಸಾಯಿಖಾನೆಗೆ ಹೋಗುವ ಮೊದಲೇ, ಹೆಂಡದಂಗಡಿಯ ಮುಂದೆ ಒಬ್ಬನ ದವಡೆ ಒಡೆದಾಗ.

ಅವನ ಹೆಂಡತಿ ಬೆರಿಲ್ ಪಕ್ಕದ ಕಣಿವೆಯವಳು. ಹೊಲಿಗೆ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದಳು, ಅವನು ಬಿಡಿಸಿದ. ಬೆಟ್ಟದ ನೆತ್ತಿಯ ಸರ್ಕಾರಿ ಮನೆಗಳಲ್ಲಿ ಅವರ ವಾಸ. ಕೈನ್ವೆನ್ ಕೆಳಗಿನ ಹಳೆಯ ಸಾಲುಮನೆಯಲ್ಲಿ ಒಬ್ಬಳೇ ಇದ್ದಳು. ಸೊಸೆಯಾಗಲಿ ಮೊಮ್ಮಗಳು ಡೆಲಿತ್ ಆಗಲಿ ಕೆಳಗಿಳಿದು ಬರುವಂತಿರಲಿಲ್ಲ. ಭಾನುವಾರ ಮಧ್ಯಾಹ್ನ ಮ್ಯಾನ್ಸೆಲ್ ತಾಯಿಯನ್ನು ವ್ಯಾನಿನಲ್ಲಿ ಮೇಲಕ್ಕೆ ಒಯ್ಯುತ್ತಿದ್ದ, ಊಟವಾದ ಮೇಲೆ ತಾನೇ ತಂದು ಬಿಡುತ್ತಿದ್ದ. ಅವನಿಲ್ಲದೆ ಆ ಮನೆಯಲ್ಲಿ ಅವಳು ಒಂದು ಗಳಿಗೆಯೂ ಕೂತದ್ದಿಲ್ಲ. ಬೆರಿಲ್‌ಳ ಕಣ್ಣಿನ ಸುತ್ತ ಪೌಡರು ದಪ್ಪವಾಗಿರುವುದು ಅವಳಿಗೆ ಕಾಣುತ್ತಿತ್ತು.

"ಏನಾಯ್ತೇ ಬೆರಿಲ್?"

"ಮೆಟ್ಟಿಲು ಜಾರ್ತು ಅತ್ತೆ."

ಆ ಸೊಲ್ಲು ಕೇಳಿದಾಗಲೆಲ್ಲ ಕೈನ್ವೆನ್ ತಟ್ಟೆ ನೋಡುತ್ತ ಕೂರುತ್ತಿದ್ದಳು.

ಆ ಹೊತ್ತಿಗೆ ಹೊಸ ಕಾನೂನು ಬಂತು. ವೇಲ್ಸ್‌ನ ಶಾಲೆಗಳಲ್ಲಿ ಹದಿನಾಲ್ಕು ವರ್ಷದವರೆಗೆ ಎಲ್ಲ ಮಕ್ಕಳೂ ವೆಲ್ಷ್ ಕಲಿಯಲೇಬೇಕು. ಹೊರಗುಳಿಯುವ ದಾರಿಯಿಲ್ಲ. ಡೆಲಿತ್‌ಗೆ ಹದಿಮೂರು. ಶಾಲೆಯಲ್ಲಿ ತಂದೆತಾಯಿಯರ ಸಭೆ ಕರೆದರು. ಮ್ಯಾನ್ಸೆಲ್ ಕೆಲಸದ ಬೂಟಿನಲ್ಲೇ ಹೋದ.

"ನಮ್ಮಪ್ಪಂಗೆ ಬೇಕಿರ್ಲಿಲ್ಲ, ನಂಗೂ ಬೇಕಿಲ್ಲ," ಎಂದ ಎದ್ದು ನಿಂತು. "ಸತ್ತ ಭಾಷೇನ ನನ್ ಮಗಳ ಬಾಯಿಗೆ ತುರುಕೋಕೆ ನೀವ್ಯಾರು?"

ವೆಲ್ಷ್ ಕಲಿಸಲು ಬಂದಿದ್ದ ಮಿಸ್ ಹಂಫ್ರೀಸ್ ಉತ್ತರದ ಕಡೆಯವಳು, ಇನ್ನೂ ಚಿಕ್ಕ ವಯಸ್ಸು. "ಸತ್ತಿಲ್ಲ ಮಿಸ್ಟರ್ ಪ್ರಾಸರ್. ನಿಮ್ಮ ತಾಯಿಯವರು ಪ್ರತಿ ಭಾನುವಾರ ಪ್ರಾರ್ಥನೇಲಿ ನನ್ ಪಕ್ಕದಲ್ಲೇ ಕೂತು ಹಾಡ್ತಾರೆ."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಮ್ಯಾನ್ಸೆಲ್ ಕೂತಿದ್ದ ಕುರ್ಚಿಯನ್ನೇ ಎತ್ತಿ ಬೀಸಿದ. ಅದು ಅವಳ ತಲೆಯ ಮೇಲಿಂದ ಹಾದು ಕಿಟಕಿಗೆ ಬಡಿಯಿತು. ಗಾಜು ಸಿಡಿದು ಅವಳ ಹುಬ್ಬು ಸೀಳಿತು. ಸೇರಿದ್ದ ಅಪ್ಪಂದಿರಲ್ಲಿ ಕೆಲವರು ಚಪ್ಪಾಳೆ ತಟ್ಟಿದರು. ಮಿಸ್ ಹಂಫ್ರೀಸ್ ಹೊಲಿಗೆ ಹಾಕಿಸಿಕೊಂಡು ಸೋಮವಾರ ಎಂದಿನಂತೆ ತರಗತಿಗೆ ಬಂದಳು. ಬಂದವಳು ಮಕ್ಕಳಿಗೆ ಮನೆಗೆಲಸ ಕೊಟ್ಟಳು: ಮನೆಯಲ್ಲಿ ಈ ಭಾಷೆ ಬಲ್ಲ ಹಿರಿಯರಿದ್ದರೆ ವಾರಕ್ಕೊಮ್ಮೆ ಅವರ ಜೊತೆ ಮಾತಾಡಿ ಬರಬೇಕು, ಅದಕ್ಕೂ ಅಂಕ ಉಂಟು.

ಮನೆಗೆಲಸ ತಪ್ಪಿದರೆ ಶಾಲೆಯವರು ಮತ್ತೆ ಕರೆಸುತ್ತಾರೆ. ಕುರ್ಚಿಯ ಕತೆ ಪೊಲೀಸರವರೆಗೆ ಹೋದೀತು. ಮ್ಯಾನ್ಸೆಲ್ ಹಲ್ಲು ಕಚ್ಚಿ ಒಪ್ಪಿದ. "ನನ್ ಮುಂದೆ ಮಾತಾಡ್ಲಿ. ಏನ್ ಘನಂದಾರಿ ಕಲಿಸ್ತಾರೆ ನಾನೂ ನೋಡ್ತೀನಿ."

ಮೊದಲ ಭಾನುವಾರ ಕುರಿಮಾಂಸ, ಪುದೀನ ಗೊಜ್ಜು, ಬೇಯಿಸಿದ ಕೋಸಿನ ನಡುವೆ ಅಜ್ಜಿ ಮೊಮ್ಮಗಳ ಪಾಠ ಶುರುವಾಯಿತು. ಮೊಮ್ಮಗಳು ಅಜ್ಜಿಯನ್ನು ಮಾಮ್‌ಗಿ ಎನ್ನುತ್ತಿದ್ದಳು.

"ಬೆಕ್ಕು ಎಲ್ಲಿದೆ, ಮಾಮ್‌ಗಿ?" ಡೆಲಿತ್ ವೆಲ್ಷಿನಲ್ಲಿ ಗಿಳಿಪಾಠ ಒಪ್ಪಿಸಿದಳು.

"ಬೆಕ್ಕು ಮೇಜಿನ ಕೆಳಗೆ ಇದೆ," ಎಂದಳು ಕೈನ್ವೆನ್. ನಾಲ್ಕು ದಶಕಗಳ ಮೇಲೆ ಮಗನ ಎದುರು ಆ ಭಾಷೆ ಆಡಿದ್ದು, ನಾಲಿಗೆ ತಡವರಿಸಿತು.

"ಏನಂತೆ ಅದು?" ಮ್ಯಾನ್ಸೆಲ್ ಕೇಳಿದ.

"ಬೆಕ್ಕು ಮೇಜಿನ ಕೆಳಗಿದೆ ಅಂತ."

"ಇದಕ್ಕೆ ನಮ್ ತೆರಿಗೆ ದುಡ್ಡು. ಇಲ್ಲದ ಬೆಕ್ಕನ್ನ ಹುಡುಕೋಕೆ." ಬೆರಿಲ್ ನಗಬೇಕಾಗಿತ್ತು, ನಕ್ಕಳು.

ಕೆಲವು ವಾರ ಬೆಕ್ಕು, ನಾಯಿ, ಹವಾಮಾನ ನಡೆಯಿತು. ಒಂದು ಭಾನುವಾರ ಬೆರಿಲ್ ಮೇಜಿಗೆ ಬರಲಿಲ್ಲ. ನೆಗಡಿ, ಮಲಗಿದ್ದಾಳೆ ಎಂದ ಮ್ಯಾನ್ಸೆಲ್. ಆ ವಾರ ಶಾಲೆಯಲ್ಲಿ ಕಲಿಸಿದ್ದು ಆಗಿಹೋದ ಸಂಗತಿ ಹೇಳುವುದನ್ನು. ಡೆಲಿತ್ ಚಮಚ ಕೆಳಗಿಟ್ಟು, ಗೋಡೆ ನೋಡುತ್ತ, ಪದ ಪದ ಜೋಡಿಸಿ ಹೇಳಿದಳು: "ಶುಕ್ರವಾರ ಮಾಮ್ ಬಿದ್ದಳು. ಮಾಮ್—"

ಅಮ್ಮನಿಗೆ ಎರಡು ಭಾಷೆಯಲ್ಲೂ ಮಾಮ್ ಎಂದೇ. ಮ್ಯಾನ್ಸೆಲ್ ತಲೆಯೆತ್ತಿದ. "ಮಾಮ್ ಏನಂತೆ?"

"ಮಾಮ್ ಅಡುಗೆಮನೇಲಿದ್ದಾಳೆ ಅಂತ, ಪಾಠ ಕಣೋ," ಎಂದಳು ಕೈನ್ವೆನ್. ಬೆರಳಿನಿಂದ ಮೇಜು ಕುಟ್ಟಿ, ತಪ್ಪು ತಿದ್ದುವ ಮೇಷ್ಟರ ದನಿಯಲ್ಲಿ ವೆಲ್ಷಿನಲ್ಲಿ ಹೇಳಿದಳು: "ಆ ಪದ ಬೇಡ. ಹಸು ಅನ್ನು. ಅವನನ್ನು ಗೂಳಿ ಅನ್ನು."

ಹುಡುಗಿಗೆ ತಿಳಿಯಿತು. "ಗೂಳಿ ಹಸುವನ್ನು ಹೊಡೆಯಿತು. ಬಾಗಿಲಿಗೆ ತಳ್ಳಿತು. ಹಸುವಿನ ಪಕ್ಕೆ ಮುರಿಯಿತು. ಹಸು ಊಟ ಮಾಡುವುದಿಲ್ಲ."

"ರಕ್ತ ಬಂತೇ?"

"ಬಾಯಿಂದ ಬಂತು."

"ಜೋರಾಗಿ ಹೇಳು, ಚೆನ್ನಾಗಿದೆ," ಎಂದಳು ಕೈನ್ವೆನ್ ಇಂಗ್ಲಿಷಿನಲ್ಲಿ. ಮ್ಯಾನ್ಸೆಲ್ ಇನ್ನೊಂದು ತುಂಡು ಮಾಂಸ ಹಾಕಿಕೊಂಡ.

ಬೆರಿಲ್ ಮಗಳಿಂದ ಆಣೆ ಹಾಕಿಸಿಕೊಂಡಿದ್ದಳು, ಯಾರಿಗೂ ಹೇಳಕೂಡದು ಎಂದು. ಇಂಗ್ಲಿಷಿನಲ್ಲಿ ಆ ಹುಡುಗಿಯ ಬಾಯಿ ಹೊಲಿದಂತಿತ್ತು. ಶಾಲೆ ಬಲವಂತವಾಗಿ ಕಲಿಸಿದ ಮುರುಕು ವಾಕ್ಯಗಳಲ್ಲಿ ಮಾತ್ರ ಅದು ಹೊರಗೆ ಬಂತು. ಮುಂದಿನ ವಾರಗಳಲ್ಲಿ ಕೈನ್ವೆನ್‌ಗೆ ಎಲ್ಲವೂ ತಿಳಿಯಿತು. ಗೂಳಿ ಹಸುವಿನ ಕುತ್ತಿಗೆ ಹಿಸುಕಿತು. ಗೂಳಿ ಕಸಾಯಿಖಾನೆಯ ಕತ್ತಿಯೊಂದನ್ನು ಮನೆಗೆ ತಂದು ದಿಂಬಿನಡಿ ಇಟ್ಟುಕೊಂಡಿದೆ. ನೀನು ಮನೆ ಬಿಟ್ಟು ಹೊರಟ ದಿನ ಇದರ ಕೆಲಸ ಎಂದು ಹಸುವಿಗೆ ತೋರಿಸಿದೆ.

ಕತ್ತಿಯ ಸಂಗತಿ ಕೇಳಿದ ಮರುದಿನ ಕೈನ್ವೆನ್ ಕೋಲೂರಿಕೊಂಡು ಪೊಲೀಸ್ ಠಾಣೆಗೆ ಹೋದಳು. ಅಲ್ಲಿದ್ದ ಪೇದೆ ಲಿಂಡನ್ ಹುಡುಗನಾಗಿದ್ದಾಗ ಮ್ಯಾನ್ಸೆಲ್ ಜೊತೆ ಮುಷ್ಟಿಯುದ್ಧ ಕಲಿತವನು. ಚಹಾ ಕೊಟ್ಟ.

"ಬೆರಿಲ್ ದೂರು ಕೊಟ್ಟಿದ್ದಾಳಾ, ಮಿಸೆಸ್ ಪ್ರಾಸರ್?"

"ಅವಳು ಕೊಡೋ ಸ್ಥಿತೀಲಿ ಇದ್ರೆ ನಾನ್ಯಾಕೆ ಬರ್ತಿದ್ದೆ?"

"ಗಂಡ ಹೆಂಡ್ತಿ ಅಂದ್ಮೇಲೆ ಇದ್ದದ್ದೇ. ನಾನು ಅವನಿಗೆ ಒಂದ್ ಮಾತು ಹೇಳ್ತೀನಿ ಬಿಡಿ."

"ನೀನು ಹೇಳಿದ್ ದಿನ ಅವಳ ಹೆಣ ಬೀಳುತ್ತೆ. ಬಾಯ್ಮುಚ್ಕೊಂಡಿರು," ಎಂದು ಚಹಾ ಮುಟ್ಟದೆ ಎದ್ದು ಬಂದಳು.

ಆ ವಾರದ ಪ್ರಾರ್ಥನೆ ಮುಗಿದ ಮೇಲೆ ಮಿಸ್ ಹಂಫ್ರೀಸ್‌ಳನ್ನು ಹಿಂದಿನ ಬೆಂಚಿಗೆ ಕರೆದು ಕೂರಿಸಿದಳು. ಆ ಹುಡುಗಿಯ ಹುಬ್ಬಿನ ಮೇಲೆ ಗಾಯ ಇನ್ನೂ ಕೆಂಪಗಿತ್ತು.

"ನಿನ್ ಹುಬ್ಬು ಸೀಳಿದವನ ಹೆಂಡ್ತೀನ ಉಳಿಸ್ಬೇಕು. ನಿಂಗೆ ಕಾರಿದೆ. ಆಗುತ್ತಾ?"

ಮಿಸ್ ಹಂಫ್ರೀಸ್ ಹುಬ್ಬಿನ ಗಾಯ ಮುಟ್ಟಿಕೊಂಡಳು. "ನಂಗೆ ಅವನ್ ಕಂಡ್ರೆ ಭಯ, ಮಿಸೆಸ್ ಪ್ರಾಸರ್," ಎಂದಳು.

"ನಂಗೇನು ಇಲ್ವಾ? ಹೆತ್ತವಳು ನಾನು."

ಉಪಾಯ ಹೂಡಿದರು. ಸ್ವಾನ್ಸೀ ಪಟ್ಟಣದಲ್ಲಿ ಹೊಡೆತ ತಿಂದ ಹೆಂಗಸರಿಗೆ ಆಸರೆ ಕೊಡುವ ಮನೆಯೊಂದಿತ್ತು. ವಿಳಾಸ ಯಾರಿಗೂ ಹೇಳುವುದಿಲ್ಲ. ಮುಂದಿನ ಭಾನುವಾರ ಮ್ಯಾನ್ಸೆಲ್ ತಾಯಿಯನ್ನು ಬಿಡಲು ಕೆಳಗಿಳಿದಾಗ ಮನೆಯ ಹಿಂದಿನ ಗಲ್ಲಿಗೆ ಕಾರು ಬರುವುದು. ಕೈನ್ವೆನ್ ದೀಪದ ಬಲ್ಬು ಬದಲಿಸು, ಕಲ್ಲಿದ್ದಲು ತಂದುಕೊಡು ಎಂದು ಅವನನ್ನು ತಡೆಯುವುದು. ಶಾಲೆಯಲ್ಲಿ ಡೆಲಿತ್‌ಗೆ ಹೇಳಬಹುದಿತ್ತು, ಆದರೆ ಆ ವಾರ ಪೂರ್ತಿ ರಜೆ. ಹಾಗಾಗಿ ಹೇಳುವುದು ಊಟದ ಮೇಜಿನ ಮೇಲೆಯೇ ಎಂದಾಯಿತು. ಬೇರೆಯವರಾಗಿದ್ದರೆ ಹೆದರುತ್ತಿದ್ದರು, ಕೈನ್ವೆನ್ ಹೆದರಲಿಲ್ಲ. ಮಗನ ಕಿವಿಗೆ ಆ ಭಾಷೆಯ ಒಂದು ತುಣುಕೂ ಬೀಳದಂತೆ ಕಾದವಳು ಅವಳೇ ತಾನೆ.

ಆ ಭಾನುವಾರ ಬೆರಿಲ್ ಮೇಜಿಗೆ ಬಂದಿದ್ದಳು. ಉಸಿರೆಳೆದುಕೊಳ್ಳುವಾಗ ಪಕ್ಕೆ ಹಿಡಿದುಕೊಳ್ಳುತ್ತಿದ್ದಳು. ಒಲೆಯ ಮೇಲೆ ಕುದಿಯುವ ನೀರಿನ ಪಾತ್ರೆಯಲ್ಲಿ, ಬಟ್ಟೆ ಸುತ್ತಿದ ಬಟ್ಟಲಲ್ಲಿ ಸಿಹಿ ಕಡುಬು ಬೇಯುತ್ತಿತ್ತು. ಮ್ಯಾನ್ಸೆಲ್ ಹಿಂಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದ.

"ಶುರು ಮಾಡ್ರಿ ನಿಮ್ ಬೆಕ್ಕಿನ ಪುರಾಣ," ಎಂದ.

ಕೈನ್ವೆನ್ ಬೆರಳು ಕುಟ್ಟುತ್ತ ನಿಧಾನವಾಗಿ, ಬಿಡಿಬಿಡಿಯಾಗಿ ಹೇಳಿದಳು: "ಇವತ್ತು ಗೂಳಿ ಕೆಳಗೆ ಹೋಗುತ್ತದೆ. ಆಗ ಹಿಂದಿನ ಗೇಟು ತೆಗಿ. ಹಸು, ಕರು ಎರಡೂ ಹೊರಗೆ ಹೋಗಬೇಕು. ಗಾಡಿ ಕಾಯುತ್ತಿರುತ್ತದೆ. ಹೇಳು, ನೋಡೋಣ."

"ಗೂಳಿ ಕೆಳಗೆ ಹೋಗುತ್ತದೆ," ಡೆಲಿತ್ ಹೇಳಿದಳು. "ನಾನು ಗೇಟು ತೆಗೆಯುತ್ತೇನೆ. ಹಸು, ಕರು ಹೋಗುತ್ತವೆ."

ಮ್ಯಾನ್ಸೆಲ್ ಬಾಯಲ್ಲಿದ್ದುದನ್ನು ಅಗಿದು ನುಂಗಿದ. ಊಟದ ಚಾಕು, ಮುಳ್ಳುಚಮಚ ಎರಡನ್ನೂ ತಟ್ಟೆಯ ಮೇಲೆ ಜೋಡಿಸಿಟ್ಟ. ಆಮೇಲೆ ಹೇಳಿದ, "ಯಾವ ಗೇಟು?"

ಹೇಳಿದ್ದು ವೆಲ್ಷಿನಲ್ಲಿ.

ಹುಟ್ಟಿದಾಗಿನಿಂದ ಮಗನ ಬಾಯಲ್ಲಿ ಆ ಭಾಷೆಯನ್ನು ಕೈನ್ವೆನ್ ಕೇಳಿರಲಿಲ್ಲ. ಅದರಲ್ಲಿ ಬೆಟ್ಟದ ರೈತರ ಒರಟು ಎಳೆತವಿತ್ತು. ಆಗ ಅವಳಿಗೆ ತನ್ನ ತಪ್ಪು ಹೊಳೆಯಿತು. ಕಸಾಯಿಖಾನೆಗೆ ದನ ತರುವವರೆಲ್ಲ ಬೆಟ್ಟದ ರೈತರು, ತಮ್ಮತಮ್ಮೊಳಗೆ ಅವರು ಇಂಗ್ಲಿಷ್ ಆಡಿದವರೇ ಅಲ್ಲ. ಗೂಳಿಯನ್ನು ಕೆಳಗೆ ಬಿಡು, ಗೇಟು ತೆಗಿ, ಹಸು ಕರು ಹೋಗಲಿ: ಕಸಾಯಿಖಾನೆ ಸೇರಿದಾಗಿನಿಂದ ದಿನ ಬೆಳಗಾದರೆ ಮ್ಯಾನ್ಸೆಲ್ ಕೇಳುತ್ತಿದ್ದ ಮಾತೇ ಅದು. ತೊಟ್ಟಿಲು, ಮನೆ, ಪ್ರೀತಿ ಎನ್ನುವುದಕ್ಕೆ ಆ ಭಾಷೆಯಲ್ಲಿ ಏನೆನ್ನುತ್ತಾರೋ ಅವನಿಗೆ ಗೊತ್ತಿರಲಿಲ್ಲ. ದನ, ಗೇಟು, ಕತ್ತಿ, ರಕ್ತ ಗೊತ್ತಿತ್ತು. ಅದನ್ನು ಅವನೂ ಭಾಷೆಯೆಂದು ಎಣಿಸಿರಲಿಲ್ಲ, ಕೆಲಸವೆಂದುಕೊಂಡಿದ್ದ. ಅವನಿಗೆ ತಿಳಿಯದ ಮಾತು ಬೇಕೆಂದು ಹುಡುಕಿ ಕೈನ್ವೆನ್ ಆರಿಸಿಕೊಂಡದ್ದು ಅವನು ಬಲ್ಲ ನಾಲ್ಕಾರು ಪದಗಳನ್ನೇ.

"ಪಾಠ ಕಣೋ ಅದು—"

"ಅವತ್ತು ಕತ್ತಿ ಅಂದ್ರಿ. ಅದಕ್ಕೂ ಮೊದ್ಲು ರಕ್ತ ಅಂದ್ರಿ. ಹೊಲದ ಪಾಠ ಮಾಡ್ತಾರೆ ಅನ್ಕೊಂಡೆ, ನನ್ ಬುದ್ಧಿಗಿಷ್ಟು," ಎಂದ. ದನಿ ಮೆತ್ತಗಿತ್ತು. "ಹಸು ಯಾರು, ಮಾಮ್?"

ಬೆರಿಲ್ ಎದ್ದಳು. ಅಷ್ಟರಲ್ಲಿ ಮೇಜು ಮಗುಚಿತು. ತಟ್ಟೆಗಳು ಒಡೆದವು, ಮಾಂಸದ ರಸ ಗೋಡೆಗೆ ಸಿಡಿಯಿತು. ಮ್ಯಾನ್ಸೆಲ್ ಬೆರಿಲ್‌ಳ ಕೂದಲು ಕೈಗೆ ಸುತ್ತಿ ತಲೆಯನ್ನು ಬಾಗಿಲ ಚೌಕಟ್ಟಿಗೆ ಬಡಿದ, ಮತ್ತೆ ಬಡಿದ. ಡೆಲಿತ್ ಅವನ ತೋಳಿಗೆ ಬಾಯಿ ಹಾಕಿ ಕಚ್ಚಿದಳು. ಅವನು ಕೊಡವಿದ್ದಕ್ಕೆ ಹುಡುಗಿ ಒಲೆಯ ಬುಡಕ್ಕೆ ಹೋಗಿ ಬಿದ್ದಳು. ತುಟಿ ಸೀಳಿತ್ತು.

"ಬಿಡೋ ಅವಳನ್ನ," ಕೈನ್ವೆನ್ ಕೋಲಿನಿಂದ ಹೊಡೆದಳು. ಕೋಲನ್ನು ಕಿತ್ತುಕೊಂಡು ಅವನು ಅವಳ ಹೆಗಲಿಗೇ ಇಳಿಸಿದ. ಒಣ ಪುಳ್ಳೆ ಮುರಿದಂತೆ ಸದ್ದಾಯಿತು. ಎಡಗೈ ಜೋತುಬಿತ್ತು.

"ಮೇಲಿದೆ ನೋಡು, ತರ್ತೀನಿ," ಎಂದ ಹೆಂಡತಿಗೆ. ದಿಂಬಿನಡಿಯ ಕತ್ತಿ ತರಲು ಮೆಟ್ಟಿಲ ಕಡೆ ತಿರುಗಿದ. ಅವಳ ಕೂದಲು ಬಿಟ್ಟಿರಲಿಲ್ಲ, ಎಳೆದುಕೊಂಡೇ ಹೊರಟ.

ಕೈನ್ವೆನ್‌ಗೆ ಉಳಿದದ್ದು ಬಲಗೈ ಒಂದೇ. ಒಲೆಯ ಮೇಲಿನ ಪಾತ್ರೆಯ ಹಿಡಿಗೆ ಕೈ ಹಾಕಿದಳು. ಭಾರ ಎತ್ತಲಾಗಲಿಲ್ಲ. ಎದೆಗೆ ಒತ್ತಿ ಎಳೆದು, ಮೈಯೆಲ್ಲ ತಿರುಗಿಸಿ, ಕುದಿಯುವ ನೀರನ್ನು ಬಟ್ಟಲ ಸಮೇತ ಮಗನ ಮುಖಕ್ಕೂ ಕುತ್ತಿಗೆಗೂ ಎರಚಿದಳು. ಅವಳ ಎದೆ, ಹೊಟ್ಟೆಯೂ ಬೆಂದವು. ಮ್ಯಾನ್ಸೆಲ್ ಕಸಾಯಿಖಾನೆಯಲ್ಲಿ ಸರಿಯಾಗಿ ಪೆಟ್ಟು ಬೀಳದ ದನದಂತೆ ಕೂಗಿದ. ಕೂದಲು ಬಿಟ್ಟ.

"ಗೇಟು," ಎಂದಳು ಕೈನ್ವೆನ್ ಮೊಮ್ಮಗಳಿಗೆ. "ಓಡು."

ಡೆಲಿತ್ ತಾಯಿಯ ಕಂಕುಳಿಗೆ ತಲೆ ಕೊಟ್ಟು ಎಬ್ಬಿಸಿ ಹಿಂಬಾಗಿಲಿನಿಂದ ಹೊರಟಳು. ಮ್ಯಾನ್ಸೆಲ್ ಕುರುಡನಂತೆ ಗೋಡೆ ತಡವುತ್ತ ಬೆನ್ನಟ್ಟಿದ. ಕೈನ್ವೆನ್ ನೆಲಕ್ಕೆ ಬಿದ್ದು ಅವನ ಕಾಲನ್ನು ಬಲಗೈಯಿಂದ ತಬ್ಬಿ ಹಿಡಿದಳು. ಅವನು ಎಳೆದ, ಅವಳು ಹೊಸ್ತಿಲು ದಾಟಿ, ಮೂರು ಕಲ್ಲಿನ ಮೆಟ್ಟಿಲ ಮೇಲೆ ಗದ್ದ ಬಡಿಸಿಕೊಳ್ಳುತ್ತ ಅಂಗಳಕ್ಕೆ ಇಳಿದಳು. ಇನ್ನೊಂದು ಬೂಟಿನಿಂದ ಅವನು ಒದ್ದ. ಪಕ್ಕೆಗೆ ಒದ್ದ, ಕಿವಿಗೆ ಒದ್ದ. ಅವಳು ಬಿಡಲಿಲ್ಲ.

ಎಲ್ಲ ಒಂದೇ ತರಹ ಇರುವ ಆ ಬೀದಿಗಳಲ್ಲಿ ದಾರಿ ತಪ್ಪೀತೆಂದು ಹೆದರಿ ಮಿಸ್ ಹಂಫ್ರೀಸ್ ಬಹಳ ಮುಂಚೆಯೇ ಬಂದು ಗಲ್ಲಿಯಲ್ಲಿ ಕಾರು ನಿಲ್ಲಿಸಿಕೊಂಡಿದ್ದಳು. ಕೂಗು ಕೇಳಿ ಕಾರಿನ ಬಾಗಿಲು ತೆರೆದಳು. ಕಾರು ಬೆಟ್ಟ ಇಳಿಯುವ ಸದ್ದು ಕಿವಿಗೆ ಬಿದ್ದ ಮೇಲೆಯೇ ಕೈನ್ವೆನ್‌ಳ ಬೆರಳು ಸಡಿಲವಾದದ್ದು.

ಮ್ಯಾನ್ಸೆಲ್ ಅಂಗಳದಲ್ಲೇ ಕೂತ. ಮುಖದ ಚರ್ಮ ಬೊಬ್ಬೆಯೆದ್ದಿತ್ತು. "ಉರಿಯುತ್ತೆ ಮಾಮ್," ಎಂದ. "ನೀರು ಕೊಡು."

ಅವಳು ತೆವಳಿ ಮಳೆನೀರಿನ ಪೀಪಾಯಿಯವರೆಗೆ ಹೋಗಿ, ತನ್ನ ತಲೆವಸ್ತ್ರ ಅದ್ದಿ, ಹಿಂಡದೆ ಅವನ ಕಡೆ ಎಸೆದಳು. ಅಷ್ಟರಲ್ಲಿ ನೆರೆಯವರು ಯಾರೋ ಫೋನು ಮಾಡಿದ್ದರು.

ಆಸ್ಪತ್ರೆಯಲ್ಲಿ ಅವಳ ಹೆಗಲಿಗೆ ಪಟ್ಟಿ, ಎದೆಗೆ ಮುಲಾಮು. ಒಂದು ಕಿವಿ ಕೇಳುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಪೇದೆ ಲಿಂಡನ್ ಟೋಪಿ ಕೈಯಲ್ಲಿ ಹಿಡಿದು ಬಂದ, ಕೇಳುವ ಕಿವಿಯ ಕಡೆ ಕುರ್ಚಿ ಎಳೆದುಕೊಂಡ.

"ಬೆರಿಲ್, ಮಗು ಇಬ್ರೂ ಕ್ಷೇಮ. ಎಲ್ಲಿದ್ದಾರೆ ಅಂತ ನಂಗೂ ಹೇಳ್ತಿಲ್ಲ."

"ಹೇಳೋದೂ ಬೇಡ."

"ಮ್ಯಾನ್ಸೆಲ್ ಮೂರು ಕೋಣೆ ಆಚೆ ಇದ್ದಾನೆ. ನೀವು ಮೆಟ್ಟಿಲು ಜಾರಿದ್ರಿ, ಪಾತ್ರೆ ಮಗುಚ್ತು ಅಂತ ಅಂದ." ಪೆನ್ನು ತೆಗೆದ. ಬರೆಯಲಿಲ್ಲ. "ಹಾಗಂತ್ಲೇ ಬರ್ಕೊಂಡ್ರೆ ಅವನೂ ಉಳೀತಾನೆ, ನೀವು ನೀರು ಎರಚಿದ್ದೂ ಯಾರೂ ಕೇಳೋದಿಲ್ಲ. ಇಲ್ದಿದ್ರೆ ಜೈಲು, ಮಿಸೆಸ್ ಪ್ರಾಸರ್. ಬಹಳ ವರ್ಷ. ಈ ವಯಸ್ಸಲ್ಲಿ ನಿಮಗೆ ಇರೋನು ಅವನೊಬ್ಬ."

ಮೆಟ್ಟಿಲು ಜಾರಿತೆಂದು ಹೇಳಿದರೆ ಮ್ಯಾನ್ಸೆಲ್ ಮುಂದಿನ ವಾರವೇ ಹೊರಗೆ. ಸ್ವಾನ್ಸೀ ಎಷ್ಟು ದೂರ? ಅವನ ವ್ಯಾನಿಗೆ ಒಂದು ಗಂಟೆಯ ದಾರಿ. ಪಕ್ಕದ ಮಂಚದ ಹೆಂಗಸು ನಿದ್ದೆ ಬಂದವಳಂತೆ ಕಣ್ಣು ಮುಚ್ಚಿದಳು.

"ಮೆಟ್ಟಿಲು ಏನೂ ಮಾಡ್ಲಿಲ್ಲ," ಎಂದಳು ಕೈನ್ವೆನ್. "ಬರ್ಕೋ. ನೀರು ನಾನೇ ಎರಚಿದ್ದು, ಬೇಕೂ ಅಂತ. ಹೆಗಲು ಮುರಿದವನು ಮ್ಯಾನ್ಸೆಲ್. ಬೆರಿಲ್ ಪಕ್ಕೆ ಮುರಿದವನೂ ಅವನೇ. ಕತ್ತಿ ದಿಂಬಿನಡಿ ಇದೆ, ಹೋಗಿ ತಗೋ."

ಲಿಂಡನ್‌ನ ಪೆನ್ನು ಅಲ್ಲೇ ನಿಂತಿತ್ತು. "ಅವನು ನಿಮ್ಮ ಮಗ," ಎಂದ.

"ಹೂಂ," ಎಂದಳು ಕೈನ್ವೆನ್. "ಅದನ್ನೂ ಬರಿ."